ಕರ್ವಾಲೊ ಎಂಬ ಹೆಸರಿನ ಬೆನ್ನು ಹತ್ತಿ

ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಮಗಳು ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಮಳೆ ಹೋಗಿದ್ದರೂ ಕಾಡಿನ ಹಸಿ ಆರಿರಲಿಲ್ಲ. ಮುಂದಿನದು ಬ್ರಗಾಂಜಾ ಘಾಟು. ಮೂವತ್ತೇಳು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಹಳಿ ಎಂದು ಅವರಪ್ಪ ಧಾರವಾಡದಲ್ಲೇ ಹೇಳಿ ಕಳಿಸಿದ್ದರು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅವ್ವಾ, ಮುನ್ನೂರಾ ಎಪ್ಪತ್ತು ಮೀಟರ್ ಹೋದ್ರ ಹತ್ತು ಮೀಟರ್ ಇಳದಂಗ. ಅಂದ್ರ ನಮ್ಮ ಮನಿ ಮ್ಯಾಲಿನ ಮನಿ, ಅದರ ಮ್ಯಾಲಿನ ಮನಿ..." ಅಷ್ಟರಲ್ಲಿ ಸುರಂಗ ಬಂತು. ಕತ್ತಲಲ್ಲಿ ಇಡೀ ಬೋಗಿಯ ಮಕ್ಕಳು ಕೂಗಿದರು. ಬೆಳಕು ಬಂತು, ಮತ್ತೆ ಸುರಂಗ. ಹೀಗೆ ಕಣ್ಣು ಮುಚ್ಚಿ ತೆರೆಯುತ್ತಿರುವಾಗಲೇ ಒಮ್ಮೆ ಎಡಕ್ಕೆ ತಿರುಗಿದರೆ ಇಡೀ ಬೆಟ್ಟವೇ ಹಾಲಾಗಿ ಸುರಿಯುತ್ತಿದೆ. ದೂಧಸಾಗರ. 310 ಮೀಟರ್ ಎತ್ತರ ಎಂದು ನಾನು ಓದಿಕೊಂಡಿದ್ದೆ. ಆ ಅಂಕಿ ನನಗಾಗ ನೆನಪಿಗೇ ಬರಲಿಲ್ಲ. ಮುಖಕ್ಕೆ ತಣ್ಣನೆ ತುಂತುರು ಬಡಿಯಿತು. ರೈಲು ನೀರಿನ ಎದುರೇ, ಕಮಾನಿನ ಸೇತುವೆಯ ಮೇಲೆ, ಆ ನೀರಿಗೆ ಮರ್ಯಾದೆ ಕೊಟ್ಟಂತೆ ನಿಧಾನ ಸಾಗಿತು. ಮಗಳು ಏನೂ ಅನ್ನಲಿಲ್ಲ. ಅವಳ ಬೆರಳುಗಳು ಮಡಚಿದಲ್ಲೇ ಇದ್ದವು.

ನನ್ನ ಚೀಲದಲ್ಲಿ ಒಂದು ಉದ್ದ ನೋಟ್‌ಬುಕ್ಕು ಇತ್ತು. ಅದರ ಮೊದಲ ಪುಟದಲ್ಲಿ ಸ್ಕೇಲು ಹಿಡಿದು ಗೆರೆ ಹಾಕಿ ಮನೆಗಳನ್ನು ಮಾಡಿದ್ದೆ: ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಹಿಂದಿನ ಪುಟದಲ್ಲಿ ನಲವತ್ತೆರಡು ಪುಸ್ತಕಗಳ ಪಟ್ಟಿ. ಮಗಳನ್ನು ಶಾಲೆ ಬಿಡಿಸಿ, ಮನೆಯಲ್ಲಿ, ಸಾಹಿತ್ಯವನ್ನೇ ಬೆನ್ನೆಲುಬಾಗಿಟ್ಟುಕೊಂಡು ಕಲಿಸಬೇಕೆಂದು ನಾನೂ ಅವರಪ್ಪನೂ ತೀರ್ಮಾನಿಸಿ ಆರು ತಿಂಗಳಾಗಿತ್ತು. ಅದಕ್ಕೂ ಮೊದಲು ಒಂದು ಸಂಜೆ ಅವಳು ಶಾಲೆಯಿಂದ ಬಂದು ಕಪ್ಪೆಯ ಬಗ್ಗೆ ಐದು ವಾಕ್ಯ ಬಾಯಿಪಾಠ ಒಪ್ಪಿಸಿದಳು. ಹಿತ್ತಲಿನ ತೊಟ್ಟಿಯ ಹತ್ತಿರ ಅದೇ ಹೊತ್ತಿಗೆ ಕಪ್ಪೆ ವಟಗುಟ್ಟುತ್ತಿತ್ತು. ಆ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಯ್ದೆಯ ಭಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ಮನೆಯಲ್ಲೇ ಕಲಿಯುವ ಮಕ್ಕಳ ವಿಷಯವನ್ನು ಅದು ಬಿಡಿಸಿ ಹೇಳಿಲ್ಲ. ಆದರೆ ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬಹುದು. ಹಿಂದಿರುಗುವ ಬಾಗಿಲು ಇದೆ ಎಂದು ಗೊತ್ತಾದ ಮೇಲೆ ಧೈರ್ಯ ಬಂತು.

ಇಂಗ್ಲೆಂಡಿನ ಶಾರ್ಲೆಟ್ ಮೇಸನ್ ಎಂಬಾಕೆ ನೂರು ವರ್ಷಕ್ಕೂ ಹಿಂದೆಯೇ ಈ ದಾರಿ ತೋರಿಸಿದ್ದಳು. ಮಗುವಿಗೆ ಸಾರಾಂಶದ ಪುಸ್ತಕ ಬೇಡ, ಜೀವ ಇರುವ ಪುಸ್ತಕ ಕೊಡಿ. ಓದಿ ಹೇಳಿ, ಆಮೇಲೆ ಕೇಳಿದ್ದನ್ನು ಅದು ತನ್ನ ಮಾತಿನಲ್ಲಿ ತಿರುಗಿ ಹೇಳಲಿ ಎಂಬುದು ಅವಳ ಪದ್ಧತಿ. ಓದಿದಾಗ ನನಗೆ ನಮ್ಮಜ್ಜನ ಊರಿನ ಗುಡಿಯ ಕಟ್ಟೆ ನೆನಪಾಯಿತು. ಒಬ್ಬರು ಗದುಗಿನ ಭಾರತ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಮರುದಿನ ಬಾವಿಯ ಹತ್ತಿರ ಹೆಂಗಸರು ಅದೇ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳುವುದು. ಎಷ್ಟೋ ಜನ ಅಕ್ಷರ ಬಾರದವರು ಹಾಗೇ ಭಾರತ ಕಲಿತರು.

ಗೋವೆಗೇ ಏಕೆ ಹೊರಟೆವು ಎಂದರೆ ಅದಕ್ಕೆ ಎರಡು ಕಾರಣ. ಮಾಪ್ಸಾದ ಅದರ್ ಇಂಡಿಯಾ ಪ್ರೆಸ್ ಪ್ರಕಟಿಸಿದ 'ಫ್ರೀ ಫ್ರಮ್ ಸ್ಕೂಲ್' ಎಂಬ ಚಿಕ್ಕ ಪುಸ್ತಕ ಮೊದಲನೆಯದು. ರಾಹುಲ್ ಅಲ್ವಾರಿಸ್ ಎಂಬ ಗೋವೆಯ ಹುಡುಗ 1995ರಲ್ಲಿ ಹತ್ತನೆಯ ತರಗತಿ ಮುಗಿಸಿ, ಅಪ್ಪ ಅಮ್ಮನ ಒಪ್ಪಿಗೆಯಿಂದ ಒಂದು ವರ್ಷ ಕಾಲೇಜಿಗೆ ಹೋಗದೆ, ಮೀನಿನ ಅಂಗಡಿಯಲ್ಲಿ, ಪುಣೆಯ ಹಾವಿನ ಉದ್ಯಾನದಲ್ಲಿ, ಎರೆಹುಳದ ಗೊಬ್ಬರದಲ್ಲಿ, ಮಾಮಲ್ಲಪುರದ ಹತ್ತಿರದ ಮೊಸಳೆಗಳ ನಡುವೆ ಕಲಿತದ್ದನ್ನು ತಾನೇ ಬರೆದದ್ದು. ನಾನದನ್ನು ಒಂದೇ ರಾತ್ರಿ ಓದಿ ಮುಗಿಸಿದ್ದೆ.

ಎರಡನೆಯ ಕಾರಣ ಮಗಳದು. ನಲವತ್ತೆರಡರ ಪಟ್ಟಿಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಆ ಕಾದಂಬರಿಯನ್ನು ರಾತ್ರಿ ಊಟವಾದ ಮೇಲೆ ನಾನು ಓದುವುದು, ಬೆಳಿಗ್ಗೆ ದೋಸೆ ಹುಯ್ಯುವಾಗ ಅವಳು ತಿರುಗಿ ಹೇಳುವುದು. ಮಂದಣ್ಣನನ್ನು ಅವಳು ನಮ್ಮನೆಯ ಹುಡುಗನ ಹಾಗೆ ಪ್ರೀತಿಸಿಬಿಟ್ಟಳು. ಮೂರನೆಯ ದಿನ ಕೇಳಿದಳು: "ಅವ್ವಾ, ಕನ್ನಡ ಪುಸ್ತಕದಾಗ ಈ ಕರ್ವಾಲೊ ಅನ್ನೋ ಹೆಸರು ಎಲ್ಲಿಂದ ಬಂತ?" ಉತ್ತರ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ರೈಲು ಟಿಕೆಟ್ ತೆಗೆಸಿದೆ.

ಪಣಜಿ ತಲುಪಿದ ಕೂಡಲೇ ಅವಳ ಕಣ್ಣಿಗೆ ಬಿದ್ದದ್ದು ಬಸ್ಸು. ಅದರ ಮೇಲೆ 'ಕದಂಬ' ಎಂದಿತ್ತು. ಗೋವಾ ಸರ್ಕಾರದ ಸಾರಿಗೆ ನಿಗಮದ ಹೆಸರೇ ಅದು. "ಬನವಾಸಿ ಕದಂಬರೇನ? ಮಯೂರವರ್ಮಂದು?" ಎಂದು ಅವಳು ರಸ್ತೆಯಲ್ಲೇ ಕುಣಿದಳು. ಇವರು ಬೇರೆ ಶಾಖೆ, ಗೋವೆಯ ಕದಂಬರು. ಮೊದಲು ಚಂದ್ರಪುರ, ಅಂದರೆ ಈಗಿನ ಚಾಂದೋರ್, ಆಮೇಲೆ ಮಾಂಡವಿ-ಜುವಾರಿ ನದಿಗಳ ನಡುವಿನ ಗೋಪಕಪಟ್ಟಣ ಅವರ ರಾಜಧಾನಿ. ಅವರ ಶಾಸನಗಳಲ್ಲಿ ಕನ್ನಡದವೂ ಇವೆ. ಹಳೆ ಗೋವೆಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಅವಳು ವೀರಗಲ್ಲಿನ ಮುಂದೆ ಕೂತೇ ಬಿಟ್ಟಳು. ನಮ್ಮ ಕಡೆಯ ವೀರಗಲ್ಲಿನಲ್ಲಿ ಕುದುರೆ ಇರುತ್ತದೆ, ತುರು ಇರುತ್ತವೆ. ಇಲ್ಲಿ ಹಡಗು! ಸಾಲಾಗಿ ಹುಟ್ಟು, ಹುಟ್ಟಿನ ಮೇಲೆ ಬಾಗಿದ ಪುಟ್ಟ ಮೈಗಳು. ಸಮುದ್ರದ ಮೇಲೆ ಕಾದಾಡಿ ಸತ್ತವನಿಗೂ ಕೆಳಗಿನಿಂದ ಮೇಲಕ್ಕೆ ಅದೇ ಸ್ವರ್ಗಾರೋಹಣ. ಅವಳು ಹುಟ್ಟುಗಳನ್ನು ಒಂದೊಂದಾಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಹಡಗು ಬರೆದುಕೊಂಡಳು. ನಾನು ಗೆರೆ ಹಾಕಿದ ಪುಟದಲ್ಲೇ ಬರೆಯುತ್ತಿದ್ದಾಳೆಂದು ಆಗ ನೋಡಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ರಸ್ತೆ ಬದಿಗೆ ಒಂಟಿ ದ್ವಾರ ನಿಂತಿದೆ. ಸಂತ ಪೌಲರ ಕಾಲೇಜಿನಲ್ಲಿ ಉಳಿದದ್ದು ಅಷ್ಟೇ. ಮೇಲೆ ಶಿಲುಬೆ, ಹಿಂದೆ ಗಿಡಗಂಟಿ. ಪ್ರವಾಸಿಗರ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ನನಗೋ ಇಡೀ ಗೋವೆಯಲ್ಲಿ ಕೈ ಮುಗಿಯಬೇಕೆನ್ನಿಸಿದ ಜಾಗ ಇದು. 1556ರಲ್ಲಿ ಇಥಿಯೋಪಿಯಕ್ಕೆ ಹೊರಟಿದ್ದ ಒಂದು ಅಚ್ಚಿನ ಯಂತ್ರ ಹಡಗಿನಲ್ಲಿ ಗೋವೆಗೆ ಬಂತು. ಇಲ್ಲೇ ಉಳಿಯಿತು. ಈ ಕಾಲೇಜಿನ ಅಂಗಳದಲ್ಲಿ ಅದು ಒತ್ತಿದ ಹಾಳೆಗಳೇ ಭಾರತದ ಮೊದಲ ಮುದ್ರಣ. ಕನ್ನಡದ ಅಕ್ಷರ ಅಚ್ಚಾದದ್ದು 1817ರಲ್ಲಿ, ದೂರದ ಶ್ರೀರಾಮಪುರದಲ್ಲಿ, ವಿಲಿಯಂ ಕೇರಿಯ ವ್ಯಾಕರಣದೊಂದಿಗೆ. ನಡುವೆ 261 ವರ್ಷ. ಕಳೆಯುವ ಲೆಕ್ಕ ಮಾಡಿದವಳು ಮಗಳೇ. ಮಾಡಿ ಮುಗಿಸಿ, "ಪಾಪ" ಅಂದಳು. ಯಾರಿಗೆ ಪಾಪ ಎಂದು ನಾನು ಕೇಳಲಿಲ್ಲ. ಇಷ್ಟು ಹತ್ತಿರ ಬಂದು, ನಮ್ಮ ಅಕ್ಷರ ಎರಡೂವರೆ ಶತಮಾನ ಕಾಯಿತಲ್ಲ ಎಂದು ನನಗೂ ಹೊಟ್ಟೆ ಚುರುಕ್ ಎಂದಿತ್ತು.

ಆ ದ್ವಾರದ ಕಟ್ಟೆಯ ಮೇಲೆ ಕೂತು ಅವಳಿಗೆ ಥಾಮಸ್ ಸ್ಟೀಫನ್ಸ್‌ನ ಕಥೆ ಹೇಳಿದೆ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ. ಇಲ್ಲಿಯ ಜನರ ಮಾತು ಕಲಿತ, ಅವರ ಓವಿ ಎಂಬ ಪದ್ಯದ ಲಯ ಕಲಿತ, ಕೊನೆಗೆ ಸುಮಾರು ಹನ್ನೊಂದು ಸಾವಿರ ಓವಿಗಳ 'ಕ್ರಿಸ್ತಪುರಾಣ' ಬರೆದ. ನಮ್ಮ ಹರಿಕಥೆಯಂತೆ ಹಾಡುವ ಪುರಾಣ! 1616ರಲ್ಲಿ ರಾಚೋಲ್‌ನಲ್ಲಿ ಅಚ್ಚಾದ ಪ್ರತಿ ಒಂದೂ ಉಳಿದಿಲ್ಲ. ಮತ್ತೆ ಅದನ್ನು ಲೋಕಕ್ಕೆ ಕೊಟ್ಟದ್ದು ನಮ್ಮ ಮಂಗಳೂರು, 1907ರಲ್ಲಿ. ಅವನೇ ಬರೆದ ಕೊಂಕಣಿ ವ್ಯಾಕರಣ ಅವನು ಸತ್ತ ಮೇಲೆ 1640ರಲ್ಲಿ ಹೊರಬಂತು. ಅದರ ಹೆಸರಿನಲ್ಲಿ ಕೊಂಕಣಿಯನ್ನು 'ಕನಾರಿಂ' ಭಾಷೆ ಎಂದಿದೆ. ಮಗಳಿಗೆ ಅದು ತಮಾಷೆ ಅನ್ನಿಸಿತು. "ಅಂದ್ರ ಕನ್ನಡ ಅಂತ ಕರದ್ರೇನ ಅವರು ಕೊಂಕಣಿಗೆ?" ಈ ಕರಾವಳಿಯನ್ನೆಲ್ಲ ಕನರಾ ಎಂದು ಕರೆದವರಿಗೆ ಇಲ್ಲಿಯ ಮಾತೆಲ್ಲ ಕನಾರಿಂ ಆಗಿ ಕೇಳಿಸಿತು.

ಹಾಗೇ ಮಾತು ಕರ್ವಾಲೊಗೆ ಬಂತು. ಪಣಜಿಯ ಓಣಿಗಳಲ್ಲಿ ಅವಳು ಮನೆಗಳ ಫಲಕ ಓದುತ್ತ ಬಂದಿದ್ದಳು: ಡಿಸೋಜಾ, ಫೆರ್ನಾಂಡಿಸ್, ಮಿನೇಜಿಸ್. ಒಂದು ಹಳದಿ ಗೋಡೆಯ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಕೊನೆಗೂ ಸಿಕ್ಕಿತು, ಕರ್ವಾಲೊ. ಊರವರಿಗೆ ದೀಕ್ಷೆ ಕೊಡುವಾಗ ಪೋರ್ಚುಗೀಸರು ಕೊಟ್ಟ ಹೆಸರುಗಳು ಇವು. ಆಮೇಲೆ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ಭಯ, ಕರಭಾರ, ಬರ, ಯುದ್ಧ. ದೋಣಿ ಹತ್ತಿ, ಕಾಲ್ನಡಿಗೆಯಲ್ಲಿ, ಕ್ರೈಸ್ತರೂ ಸಾರಸ್ವತರೂ ತೆಂಕಣಕ್ಕೆ ಹೊರಟರು. ಕಾರವಾರ, ಕುಂದಾಪುರ, ಮಂಗಳೂರು, ಮಂಜೇಶ್ವರ. ಮನೆಯೊಳಗೆ ಕೊಂಕಣಿ ಉಳಿಸಿಕೊಂಡು ಕನ್ನಡವನ್ನೂ ತಮ್ಮದಾಗಿಸಿಕೊಂಡರು. ನಮ್ಮ ಮಕ್ಕಳ ಸಾಹಿತ್ಯಕ್ಕೆ ಮೊದಲ ಸೊಗಸು ತಂದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳದ್ದೂ ಕೊಂಕಣಿಯೇ. "ಮತ್ತ ನಮ್ಮ ಬೇಂದ್ರೆ ಅಜ್ಜಾರ ಮನ್ಯಾಗ ಮರಾಠಿ" ಎಂದು ಸಾಧನಕೇರಿಯ ಹುಡುಗಿ ಸೇರಿಸಿದಳು. ಒಂದು ಕಾದಂಬರಿಯ ಒಂದು ಹೆಸರು ನಮ್ಮನ್ನು ಇಲ್ಲಿವರೆಗೆ ಎಳೆದು ತಂದಿತ್ತು. 'ಸಮಾಜ' ಎಂಬ ಮನೆಯಲ್ಲಿ ನಾನು ತುಂಬಬೇಕೆಂದಿದ್ದ ಒಂದು ವರ್ಷದ ಪಾಠ ಒಂದು ಮಧ್ಯಾಹ್ನದಲ್ಲಿ ಅವಳ ಬಾಯಿಂದಲೇ ಬರುತ್ತಿತ್ತು.

ಪಣಜಿಯ ಮಿನೇಜಿಸ್ ಬ್ರಗಾಂಜಾ ಸಂಸ್ಥೆಯ ಹೊಸ್ತಿಲು ದಾಟಿದರೆ ಗೋಡೆಗಳೇ ನೀಲಿ. ಪೋರ್ಚುಗೀಸ್ ಕವಿ ಕಮೋಯಿಸ್‌ನ ಮಹಾಕಾವ್ಯ 'ಲೂಸಿಯಾಡ್ಸ್'ನ ದೃಶ್ಯಗಳನ್ನು ಜಾರ್ಜ್ ಕೊಲಾಸೊ ಎಂಬ ಕಲಾವಿದ 1935ರಲ್ಲಿ ಹೆಂಚುಗಳ ಮೇಲೆ ಬರೆದದ್ದು. ಸಮುದ್ರ, ಹಾಯಿ, ಮುಂಡಾಸಿನ ಅರಸರು, ಎಲ್ಲ ನೀಲಿ ಬಿಳಿ. ಆ ಕಮೋಯಿಸ್ ಗೋವೆಯಲ್ಲಿ ಬಾಳಿದವನು. ಅವನ ಕವಿತೆ ಮೊದಲ ಸಲ ಅಚ್ಚಾದದ್ದೇ ಗೋವೆಯಲ್ಲಿ, 1563ರಲ್ಲಿ, ಅದೂ ಒಂದು ವೈದ್ಯದ ಪುಸ್ತಕದ ಒಳಗೆ. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಬರೆದ ಆ ಪುಸ್ತಕ ಪೂರ್ತಿ ಸಂಭಾಷಣೆ. ಇಬ್ಬರು ಗೆಳೆಯರು ಕೂತು ಶುಂಠಿ, ಇಂಗು, ಮಾವು, ತೆಂಗು ಎಂದು ಒಂದೊಂದನ್ನೇ ಮಾತಾಡುತ್ತಾರೆ. ನಡುವೆ ಆಂಟೋನಿಯಾ ಎಂಬ ಆಳು ಹುಡುಗಿ ಹಣ್ಣು ತಂದಿಡುತ್ತಾಳೆ. ಅವನು ಸತ್ತ ಎಷ್ಟೋ ವರ್ಷದ ಮೇಲೆ, 1580ರಲ್ಲಿ, ಯಹೂದಿ ಆಚಾರ ಬಿಟ್ಟಿರಲಿಲ್ಲವೆಂದು ಧರ್ಮ ವಿಚಾರಣೆಯವರು ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಪಣಜಿಯ ಉದ್ಯಾನವೊಂದಕ್ಕೆ ಇಂದು ಅವನ ಹೆಸರಿದೆ. ಅಲ್ಲಿಯ ಬೆಂಚಿನ ಮೇಲೆ ಕೂತು ನಾವು ಆಟ ಆಡಿದೆವು. ನಾನು ವೈದ್ಯ, ಅವಳು ಅವನ ಗೆಳೆಯ, ಡಬ್ಬಿಯಲ್ಲಿದ್ದ ಚಕ್ಕುಲಿಯೇ ವಿಷಯ. ಇಂಗಿನ ಮೇಲೆ ನಾವು ಅರ್ಧ ಗಂಟೆ ವಾದ ಮಾಡಿದೆವು. ಎಲುಬಿನ ಕಥೆ ಹೇಳಿದಾಗ ಮಾತ್ರ ಅವಳು ಬಹಳ ಹೊತ್ತು ಸುಮ್ಮನಾದಳು. ಮಕ್ಕಳಿಗೆ ಇದನ್ನು ಹೇಳಬೇಕೇ ಎಂದು ಕೇಳುವವರಿದ್ದಾರೆ. ಹೇಳಬೇಕು, ಪಕ್ಕದಲ್ಲಿ ಕೂತು ಹೇಳಬೇಕು ಎಂದೇ ನನ್ನ ಅಭಿಪ್ರಾಯ.

ಪಣಜಿಯ ಪಾಟೊದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯ 1832ರಲ್ಲಿ ಹುಟ್ಟಿದ್ದು. ನೆರಳು, ತಂಪು, ನೆಲಕ್ಕೆ ಕೂತು ಓದುವ ಮಕ್ಕಳು. ಅದು ಹೆಸರು ಹೊತ್ತಿರುವ ಕೃಷ್ಣದಾಸ ಶಾಮಾ ಹದಿನಾರನೆಯ ಶತಮಾನದಲ್ಲಿ ಊರಿನ ಮಾತಿನಲ್ಲಿ ಕೃಷ್ಣನ ಕಥೆ ಬರೆದವನು. 2005ರಲ್ಲಿ ಪಣಜಿಯಲ್ಲಿ ಶುರುವಾದ ಬುಕ್‌ವರ್ಮ್ ಎಂಬ ಮಕ್ಕಳ ಗ್ರಂಥಾಲಯದವರು ಇನ್ನೂ ಮುಂದೆ ಹೋಗಿ ಪುಸ್ತಕಗಳನ್ನು ಹೊತ್ತು ಹಳ್ಳಿಗಳಿಗೆ, ಶಾಲೆಗಳಿಗೆ ಹೋಗುತ್ತಾರೆ; ಗಟ್ಟಿಯಾಗಿ ಓದಿ ಹೇಳುವುದನ್ನು ಒಂದು ವಿದ್ಯೆಯೆಂದೇ ಕಲಿಸುತ್ತಾರೆ. ಮನೆಯಲ್ಲಿ ಕಲಿಸುವವರಿಗೆ ಮೊದಲು ಬೇಕಾದದ್ದು ಕಪಾಟು ಅಲ್ಲ, ಇಂಥ ನೆರೆಹೊರೆ.

ಮೂರನೆಯ ದಿನ ಫೋಂಡಾದ ಕಡೆ ಒಂದು ಕುಳಾಗರದಲ್ಲಿ ಉಳಿದೆವು. ಕುಳಾಗರ ಎಂದರೆ ನಮ್ಮ ಶಿರಸಿಯ ತೋಟವೇ: ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಬಾಳೆ, ಕಾಲುವೆಯಲ್ಲಿ ಓಡುವ ನೀರು. ಮನೆಯ ಅಜ್ಜಿಗೆ ಕೊಂಕಣಿ ಬಿಟ್ಟರೆ ಬೇರೆ ಬಾರದು. ಮಗಳನ್ನು "ಬಾಯ್, ಬಾಯ್" ಎಂದು ಕರೆದು ಕೈಗೆ ಬೆಲ್ಲ ಕೊಟ್ಟರು. ಬೆಳಿಗ್ಗೆ ಒಂಬತ್ತರ ಬಿಸಿಲು ಅಡಿಕೆ ಮರಗಳ ನಡುವೆ ಕೋಲುಕೋಲಾಗಿ ಇಳಿದಿತ್ತು. ಅಜ್ಜಿ ತಟ್ಟನೆ ನಿಂತು ಒಂದು ಮರದ ಕಡೆ ಬೆರಳು ಮಾಡಿದರು. ನನಗೇನೂ ಕಾಣಲಿಲ್ಲ. ಬೂದು ತೊಗಟೆ, ಅದರ ಮೇಲೆ ಬಿಳಿ ಮಚ್ಚೆಗಳು, ಅಷ್ಟೇ. ಆಮೇಲೆ ತೊಗಟೆಯ ಒಂದು ತುಂಡು ಗಂಟಲಿನಿಂದ ಹಳದಿ ಬಾವುಟ ಬಿಚ್ಚಿತು. ಮಡಚಿತು. ಮತ್ತೆ ಬಿಚ್ಚಿತು. ಮಗಳ ಉಗುರು ನನ್ನ ತೋಳಿಗೆ ನಾಟಿತು. ಆ ಜೀವಿ ಮರದ ಬೆನ್ನಿಗೆ ಹೋಗಿ, ಸರಸರ ಮೇಲೇರಿ, ತಲೆ ಹೊರಗೆ ಹಾಕಿ, ಒಮ್ಮೆಲೆ ಕಾಲು ಬಿಟ್ಟಿತು. ಬೀಳುತ್ತದೆ ಅನ್ನಿಸಿದ ಕ್ಷಣದಲ್ಲೇ ಎರಡೂ ಪಕ್ಕೆಗಳಿಂದ ಚರ್ಮ ಬೀಸಣಿಗೆಯಂತೆ ಅರಳಿತು. ಬಿಸಿಲಿನಲ್ಲಿ ಅದು ಒಣಗಿದ ಎಲೆಯ ಬಣ್ಣವಾಗಿ ಹೊಳೆಯಿತು. ರೆಕ್ಕೆ ಬಡಿಯದೆ, ಸದ್ದಿಲ್ಲದೆ, ಇಳಿಜಾರಿನಲ್ಲಿ ತೇಲಿ ಹೋಗಿ ಆಚೆಯ ಮರಕ್ಕೆ ಕಚ್ಚಿಕೊಂಡಿತು. ಕೊನೆಗೆ ಸ್ವಲ್ಪ ಮೇಲಕ್ಕೆದ್ದು ಕಚ್ಚಿಕೊಂಡಿತು, ಅದನ್ನು ಮಗಳು ನೋಡಿದ್ದು, ನಾನಲ್ಲ.

ಹಾರುವ ಓತಿ. ಕಾದಂಬರಿಯ ಮೂಡಿಗೆರೆ ಕಾಡಿನಲ್ಲಿ ಮಂದಣ್ಣ ಕಂಡದ್ದು, ವಿಜ್ಞಾನಿ ಕರ್ವಾಲೊ ಬೆನ್ನು ಹತ್ತಿದ್ದು. ಪಶ್ಚಿಮಘಟ್ಟದ ಈ ತುದಿಯಲ್ಲೂ ಅದೇ ವಂಶ ಇದೆಯೆಂದು ನಾನು ಓದಿದ್ದೆ, ಕಾಣುತ್ತೇವೆಂದು ಎಣಿಸಿರಲಿಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಚರ್ಮವನ್ನು ಹಿಡಿದೆತ್ತುವುದು, ಗಂಡಿಗೆ ಮಾತ್ರ ಅಷ್ಟು ದೊಡ್ಡ ಹಳದಿ ಬಾವುಟ ಇರುವುದು, ಇರುವೆ ತಿಂದು ಬದುಕುವುದು, ಇದನ್ನೆಲ್ಲ ಆಮೇಲೆ ಮಾತಾಡಿದೆವು. ಆ ಹೊತ್ತಿನಲ್ಲಿ ಮೂವರೂ ಕತ್ತು ಎತ್ತಿ ನಿಂತಿದ್ದೆವು. ಅಜ್ಜಿ ನಗುತ್ತಿದ್ದರು. ಮಗಳು ಅಳುತ್ತಿದ್ದಳು. ಯಾಕೆ ಎಂದರೆ ಹೇಳಲು ಬರದು ಎಂದಳು.

ಹಿಂತಿರುಗುವ ದಿನ ವಾಸ್ಕೋಗೆ ಹೋಗುವ ದಾರಿಯಲ್ಲಿ ಸಾಂಕ್ವಾಳದಲ್ಲಿ ಇಳಿದೆವು. ಇದು ನನ್ನ ಹಟ. 1876ರಲ್ಲಿ ಈ ಊರಿನಲ್ಲಿ ಧರ್ಮಾನಂದ ಕೋಸಂಬಿ ಹುಟ್ಟಿದರು. ಶಾಲೆಯ ಓದು ಅಲ್ಪ. ತೆಂಗಿನ ತೋಟ ನೋಡಿಕೊಂಡಿದ್ದ, ಮದುವೆಯೂ ಆಗಿದ್ದ ಆ ಹುಡುಗನ ಕೈಗೆ 'ಬಾಲಬೋಧ' ಎಂಬ ಮರಾಠಿ ಮಕ್ಕಳ ಮಾಸಪತ್ರಿಕೆ ಬಂತು. ಅದರಲ್ಲಿ ಬುದ್ಧನ ಚರಿತ್ರೆ. ಅದನ್ನೋದಿದ ಮೇಲೆ ಅವರಿಗೆ ತೋಟದಲ್ಲಿ ಇರಲಾಗಲಿಲ್ಲ. 1899ರ ಕೊನೆಗೆ ಮನೆ ಬಿಟ್ಟರು. ಪುಣೆ, ಸಂಸ್ಕೃತಕ್ಕಾಗಿ ಕಾಶಿ, ನೇಪಾಳ, ಪಾಲಿ ಭಾಷೆಗಾಗಿ ಸಿಂಹಳ, ಆಮೇಲೆ ಬರ್ಮಾ. 1910ರ ಹೊತ್ತಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೂತು 'ವಿಸುದ್ಧಿಮಗ್ಗ' ಎಂಬ ಪಾಲಿ ಗ್ರಂಥದ ಪಾಠ ಪರಿಷ್ಕರಿಸುತ್ತಿದ್ದರು. ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೋಸಂಬಿ ಅವರ ಮಗ. ಧರ್ಮಾನಂದರು 'ನಿವೇದನ' ಎಂಬ ಆತ್ಮಕಥೆ ಬರೆದಿಟ್ಟು ಹೋಗಿದ್ದಾರೆ. ಸಾಂಕ್ವಾಳದಲ್ಲಿ ಸುಟ್ಟುಹೋದ ಚರ್ಚೊಂದರ ಮುಂಗೋಡೆ ಮಾತ್ರ ಆಕಾಶಕ್ಕೆ ಎದ್ದು ನಿಂತಿದೆ, ಅದರ ಕಿಟಕಿಗಳಲ್ಲಿ ಮೋಡ ಕಾಣುತ್ತದೆ. ಆಚೆ ಜುವಾರಿ ನದಿ. ತೆಂಗು ಈಗಲೂ ಇವೆ.

ಮಗಳು ಕೇಳಿದಳು: "ಆ ಬುದ್ಧನ ಕಥಿ ಎಷ್ಟ ಪುಟ ಇತ್ತವ್ವಾ?"

ನಾನು ಚೀಲದಿಂದ ನಲವತ್ತೆರಡರ ಪಟ್ಟಿ ತೆಗೆದೆ. ಅಲ್ಲೇ ಕಲ್ಲಿನ ಮೇಲೆ ಕೂತು ಪೆನ್ನಿನಿಂದ ಹೊಡೆಯುತ್ತ ಹೋದೆ. ಒಳ್ಳೆಯ ಪುಸ್ತಕಗಳೇ ಎಲ್ಲ, ಕೈ ಹಿಂಜರಿಯಿತು. ಕೊನೆಗೆ ಐದು ಉಳಿದವು: ಕರ್ವಾಲೊ, ಪಂಜೆಯವರ ಕಥೆಗಳು, ಕಾರಂತರ 'ಬಾಲ ಪ್ರಪಂಚ', ಗದುಗಿನ ಭಾರತದ ಕೆಲವು ಪರ್ವ, ಬೇಂದ್ರೆಯವರ ಪದ್ಯ. ಒಂದು ವರ್ಷಕ್ಕೆ ಐದು. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಅಷ್ಟೆಲ್ಲ ಪ್ರಯೋಗ ಮಾಡಿದ ಕಾರಂತರ ಪುಸ್ತಕವನ್ನು ಓದಿಸಿದ ಮೇಲೆ ಆ ಬಾಲವನಕ್ಕೆ ಹೋಗದೆ ಇರಲಾದೀತೇ? ಗದುಗಿಗೆ ಹೋಗಿ ವೀರನಾರಾಯಣನ ಗುಡಿಯ ಕಂಬದ ಹತ್ತಿರ ಕೂರದೆ ಕುಮಾರವ್ಯಾಸನನ್ನು ಓದುವುದುಂಟೇ? ಒಂದೊಂದಕ್ಕೂ ಒಂದೊಂದು ದಾರಿ ಬೇಕು, ದಾರಿಗೆ ದಿನ ಬೇಕು.

ವಾಸ್ಕೋ ಸ್ಟೇಷನ್ನಿನಲ್ಲಿ ಮೂರು ದಿನದ ಮೇಲೆ ಕಿವಿ ತುಂಬ ಕನ್ನಡ ಕೇಳಿತು. ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು, ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೊರಟವರು. ಗೋಣಿಚೀಲ, ಪ್ಲಾಸ್ಟಿಕ್ ಕೊಡ, ನಿದ್ದೆಗಣ್ಣಿನ ಮಕ್ಕಳು. ಕಟ್ಟಡದಿಂದ ಕಟ್ಟಡಕ್ಕೆ ಸಾಗುವ ಈ ಮಕ್ಕಳಲ್ಲಿ ಎಷ್ಟು ಮಂದಿಗೆ ಒಂದೇ ಶಾಲೆಯಲ್ಲಿ ಒಂದು ವರ್ಷ ಕೂರಲು ಸಿಕ್ಕೀತು? ನಾನು ನನ್ನ ಮಗಳನ್ನು ಶಾಲೆಯಿಂದ ಬಿಡಿಸಬಲ್ಲೆ, ಏಕೆಂದರೆ ನನ್ನ ಮನೆಯಲ್ಲಿ ಪುಸ್ತಕಗಳಿವೆ, ಓದಿ ಹೇಳಲು ನನಗೆ ಹೊತ್ತು ಇದೆ. ಶಾಲೆಯನ್ನು ಹಕ್ಕು ಮಾಡಿದ ಆ ಕಾಯ್ದೆಯ ಬಗ್ಗೆ ನನಗಿದ್ದ ಭಯ ಅಲ್ಲಿ ಗೌರವವಾಯಿತು. ಧಾರವಾಡಕ್ಕೆ ಹೋದ ಮೇಲೆ ವಾರಕ್ಕೊಂದು ಸಂಜೆ ನಮ್ಮ ಓಣಿಯ ಮಕ್ಕಳನ್ನೆಲ್ಲ ಕಟ್ಟೆಗೆ ಕರೆದು ಗಟ್ಟಿಯಾಗಿ ಓದಬೇಕು ಎಂದು ಪಟ್ಟಿಯ ಕೆಳಗೆ ಬರೆದುಕೊಂಡೆ.

ರೈಲು ಕುಳೆಂ ಬಿಟ್ಟು ಘಾಟು ಹತ್ತತೊಡಗಿತು. ಹಿಂದಿನಿಂದ ಇಂಜಿನ್ನುಗಳು ಏದುಸಿರು ಬಿಟ್ಟು ತಳ್ಳುತ್ತಿದ್ದವು. ಎದುರಿನ ಸೀಟಿನಲ್ಲಿ ರೋಣದ ಕಡೆಯ ಒಬ್ಬ ಆಯಿ, ಮಡಿಲಲ್ಲಿ ಮೊಮ್ಮಗ. ಮಗಳು ನೋಟ್‌ಬುಕ್ಕು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದಳು. ಆಗ ನಾನು ನೋಡಿದೆ. ನಾನು ಸ್ಕೇಲು ಹಿಡಿದು ಹಾಕಿದ ಗೆರೆಗಳ ಮೇಲೆ, ಕನ್ನಡದಿಂದ ಸಮಾಜದವರೆಗೆ, ಪುಟದಗಲ ಒಂದು ಓತಿ ಚರ್ಮ ಅರಳಿಸಿ ತೇಲುತ್ತಿತ್ತು. ಬಾಲದ ಹತ್ತಿರ ಹುಟ್ಟುಗಳ ಹಡಗು. ಮೂಲೆಯಲ್ಲಿ 1817, 1556, ಕೆಳಗೊಂದು ಗೆರೆ, 261.

ಆಯಿ ಬಗ್ಗಿ ನೋಡಿದರು. "ಓತಿಕ್ಯಾತ ಅಲ್ಲೇನ ಯವ್ವಾ ಇದು? ಇದಕ್ಕ ರೆಕ್ಕಿ ಯಾಕ ಬರದಿ?"

ಮೊಮ್ಮಗನೂ ಕಣ್ಣು ಬಿಟ್ಟ. ಮಗಳು ಪೆನ್ಸಿಲ್ಲು ಕೆಳಗಿಟ್ಟು, ಕಾಲು ಮಡಚಿ ಸೀಟಿನ ಮೇಲೆ ಸರಿಯಾಗಿ ಕೂತಳು.

"ಮಂದಣ್ಣ ಅಂತ ಒಬ್ಬಾವ ಇದ್ದ ನೋಡ್ರಿ ಆಯಿ," ಎಂದು ಶುರು ಮಾಡಿದಳು.